ಪ್ಲೇಆಫ್ ಟಿಕೆಟ್ಟಿಗೊಂದು ಬ್ಯಾಡಗಿ ಲೆಕ್ಕ

2025ರ ಏಪ್ರಿಲ್ 28ರ ರಾತ್ರಿ. ಹುಬ್ಬಳ್ಳಿ ಬಿಸಿಲು ತಪ್ಪಿಸಿಕೊಂಡು ಎರಡು ತಿಂಗಳು ಇದ್ದು ಬರೋಣ ಅಂತ ನಾನು, ನನ್ನ ಹೆಂಡತಿ ಅಮೆರಿಕದ ಸ್ಯಾನ್ ಹೊಸೆಯಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆವು. ಟಿವಿಯಲ್ಲಿ ಬಾಸ್ಕೆಟ್‌ಬಾಲ್. ಅಲ್ಲಿಯ ಊರ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್, ಹ್ಯೂಸ್ಟನ್ ರಾಕೆಟ್ಸನ್ನು 109-106ರಿಂದ ಸೋಲಿಸಿ ಸರಣಿಯಲ್ಲಿ 3-1 ಮುಂದಿತ್ತು. ತಮ್ಮ ಮೊಬೈಲ್ ಹಿಡಿದುಕೊಂಡು ಬಂದು ಕೇಳಿದ: "ಅಣ್ಣಾ, ಆರನೇ ಮ್ಯಾಚು ಇಲ್ಲೇ ಐತಿ. ಆದ್ರ ಆತು, ಇಲ್ಲಾಂದ್ರ ಇಲ್ಲ. ಟಿಕೆಟ್ ತಗೊಂಡ್ಬಿಡ್ಲೇನು?"

ನಾನು ಕೇಳಿದ್ದು ಒಂದೇ. ಎಷ್ಟಕ್ಕೆ?

ಆ ಪ್ರಶ್ನೆಗೆ ಉತ್ತರ ಹುಡುಕಲು ಎರಡು ದಿನ ಬೇಕಾಯಿತು, ಆಮೇಲೂ ತಪ್ಪು ಮಾಡಿದೆವು. ಎನ್‌ಬಿಎ ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್. ಅದರ ಕೊನೆಯ ಹಂತವಾದ ಪ್ಲೇಆಫ್ ಏಪ್ರಿಲ್ ಮಧ್ಯಕ್ಕೆ ಶುರುವಾಗಿ ಜೂನ್‌ವರೆಗೆ ನಡೆಯುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದ ತಂದೆತಾಯಿಗಳು ಮಕ್ಕಳ ಮನೆಗೆ ಹೋಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. "ಅಪ್ಪಾ, ಒಂದು ಮ್ಯಾಚ್ ನೋಡೋಣ ಬರ್ರಿ" ಅಂತ ಮಗನೋ ಅಳಿಯನೋ ಕರೆದರೆ ಈ ಲೆಕ್ಕ ಕೈಯಲ್ಲಿರಲಿ. ಐಪಿಎಲ್ ವಿಷಯ ಕೊನೆಯಲ್ಲಿದೆ. ಅದರ ದಾರಿ ಪೂರ್ತಿ ಬೇರೆ.

ಮೊದಲೇ ಒಂದು ಮಾತು. ಅಮೆರಿಕದಲ್ಲಿ ಒಬ್ಬ ಕೊಂಡ ಟಿಕೆಟ್ಟನ್ನು ಇನ್ನೊಬ್ಬನಿಗೆ ಮಾರುವುದು ಗುಟ್ಟಿನ ವ್ಯವಹಾರ ಅಲ್ಲ. ಸ್ಟಬ್‌ಹಬ್, ಸೀಟ್‌ಗೀಕ್, ಟಿಕೆಟ್‌ಮಾಸ್ಟರ್ ಅಂತ ದೊಡ್ಡ ದೊಡ್ಡ ಸೈಟುಗಳೇ ಇವೆ. ಸಂತೆಯ ಹಾಗೆ ಎಲ್ಲರ ಮಾಲೂ ಅಲ್ಲಿ ಹರಡಿರುತ್ತದೆ. ಅದಕ್ಕೇ ಅಂದಾಜು ಮಾಡಲು ಬರುತ್ತದೆ. ಮುಚ್ಚಿಟ್ಟ ಮಾಲಿಗೆ ಯಾರು ರೇಟು ಹೇಳಲು ಸಾಧ್ಯ?

ಮೊದಲು ಪಂದ್ಯ ನಡೆಯುತ್ತದೋ ಇಲ್ಲವೋ ನೋಡಿ

ಎನ್‌ಬಿಎ ಪ್ಲೇಆಫ್‌ನ ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಲೀಗ್‌ನಲ್ಲಿ ಮೇಲಿದ್ದ ತಂಡದ ಊರಲ್ಲಿ 1, 2, 5 ಮತ್ತು 7ನೇ ಪಂದ್ಯ. ಕೆಳಗಿದ್ದ ತಂಡದ ಊರಲ್ಲಿ 3, 4 ಮತ್ತು 6. ಮೊದಲ ನಾಲ್ಕು ಪಂದ್ಯ ನಡೆದೇ ನಡೆಯುತ್ತವೆ. ಉಳಿದವಕ್ಕೆ "ಅಗತ್ಯವಿದ್ದರೆ" ಅಂತ ಬರೆದಿರುತ್ತಾರೆ. ಆದರೂ ಟಿಕೆಟ್ ಮಾರಾಟ ಮೊದಲೇ ಶುರುವಾಗಿರುತ್ತದೆ.

ಎರಡೂ ತಂಡ ಸರಿಸಮ ಅಂತ ಇಟ್ಟುಕೊಂಡು ನಾಣ್ಯ ಚಿಮ್ಮಿದ ಹಾಗೆ ಲೆಕ್ಕ ಹಾಕಿ. ಸರಣಿ ಶುರುವಾಗುವ ಮೊದಲು ಐದನೇ ಪಂದ್ಯ ನಡೆಯುವ ಸಾಧ್ಯತೆ ಶೇ. 87.5. ಆರನೆಯದಕ್ಕೆ ಶೇ. 62.5. ಏಳನೆಯದಕ್ಕೆ ಬರೀ ಶೇ. 31.25. ಒಂದು ತಂಡ ಜೋರಾಗಿದ್ದರೆ ಇವು ಇನ್ನೂ ಕಡಿಮೆ. ಸರಣಿ ಬೇಗ ಮುಗಿಯುತ್ತದೆ, ಅಲ್ವಾ?

ನಮ್ಮ ವಿಷಯದಲ್ಲಿ ವಾರಿಯರ್ಸ್ 3-1 ಮುಂದಿತ್ತು. ಐದನೇ ಪಂದ್ಯ ಹ್ಯೂಸ್ಟನ್‌ನಲ್ಲಿ. ಅದನ್ನೂ ಗೆದ್ದರೆ ಮುಗೀತು, ಆರನೆಯದು ಇಲ್ಲವೇ ಇಲ್ಲ. ಅಂದರೆ ನಾವು ಪಂದ್ಯ ನೋಡಬೇಕಾದರೆ ನಮ್ಮ ತಂಡ ಸೋಲಬೇಕು! ತಮ್ಮನ ಮುಖ ನೋಡುವಂತಿತ್ತು.

ಪಂದ್ಯ ನಡೆಯದಿದ್ದರೆ ಟಿಕೆಟ್ಟಿನ ದುಡ್ಡು ವಾಪಸ್ ಬರುತ್ತದೆ. ದೊಡ್ಡ ಸೈಟುಗಳಲ್ಲಿ ಕೊಂಡಿದ್ದರೂ ಬರುತ್ತದೆ. ಆದರೆ ಬೇರೆ ಊರಿಂದ ಹೋಗುವವರು ಹಾಕಿದ ವಿಮಾನದ ದುಡ್ಡು, ಹೋಟೆಲ್ ದುಡ್ಡು, ಮಗ ಹಾಕಿದ ರಜೆ, ಇವು ವಾಪಸ್ ಬರುವ ಬಾಬತ್ತಲ್ಲ. ನಮ್ಮ ಬ್ಯಾಂಕ್ ಕಾರ್ಡಿನಿಂದ ಕಟ್ಟಿದ್ದರೆ ಡಾಲರ್ ದರದ ಹೆಚ್ಚುಕಡಿಮೆಯಲ್ಲೂ ಸ್ವಲ್ಪ ಹೋಗಬಹುದು. ಹಾಗಾಗಿ ದೂರದಿಂದ ಹೋಗುವವರಿಗೆ ನನ್ನ ಸಲಹೆ: 3 ಅಥವಾ 4ನೇ ಪಂದ್ಯ. ಖಾತ್ರಿ ಇರುವ ಪಂದ್ಯಕ್ಕೆ ನೂರು ಡಾಲರ್ ಜಾಸ್ತಿ ಹೋದರೂ ಲೆಕ್ಕ ಸರಿಹೋಗುತ್ತದೆ.

ಬೇರೆ ಆಟಗಳಲ್ಲಿ ಹೀಗಿಲ್ಲ. ಅಮೆರಿಕನ್ ಫುಟ್‌ಬಾಲ್ ಪ್ಲೇಆಫ್ ಒಂದೇ ಪಂದ್ಯ, ಸೋತವರು ಮನೆಗೆ. ಬೇಸ್‌ಬಾಲ್‌ನಲ್ಲಿ ಮೊದಲ ಸುತ್ತು ಮೂರು ಪಂದ್ಯ, ಆಮೇಲೆ ಐದು, ಆಮೇಲೆ ಏಳು. ಮೊದಲ ಸುತ್ತಿನ ಮೂರೂ ಒಂದೇ ಊರಲ್ಲಿ.

ಕೇಳುವ ರೇಟು, ತೂಕವಾದ ರೇಟು

ನಮ್ಮಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವತ್ತು ವಿಡಿಯೋ ಕಾಲ್‌ನಲ್ಲಿ ತಮ್ಮ ಟಿಕೆಟ್ ರೇಟು ಹೇಳಿದ ಕೂಡಲೇ ಅಪ್ಪ ಅಂದದ್ದು: "ಕೇಳೋ ರೇಟ ಯಾವನರೆ ಕೇಳ್ತಾನ. ತೂಕ ಆದ ರೇಟ ಎಷ್ಟ, ಅದನ್ನ ಹೇಳ."

ಇಡೀ ಅಂದಾಜಿನ ಕೀಲಿಕೈ ಇಲ್ಲೇ ಇದೆ. ಸೈಟಿನಲ್ಲಿ ಕಾಣುವುದೆಲ್ಲ ಮಾರುವವನ ಮನಸ್ಸಿನ ರೇಟು. ಅಷ್ಟಕ್ಕೆ ಹೋಗಿದೆ ಅಂತ ಅಲ್ಲ. ಒಬ್ಬ ಐದು ಸಾವಿರ ಡಾಲರ್ ಅಂತ ಹಾಕಿ ಕೂತಿರಬಹುದು. ಯಾರೂ ಕೊಳ್ಳಲಿಕ್ಕಿಲ್ಲ. ಅದನ್ನು ನೋಡಿ ಹೆದರಬೇಡಿ. ಎಲ್ಲಕ್ಕಿಂತ ಕಡಿಮೆ ಇರುವ ಒಂದೇ ಒಂದು ಟಿಕೆಟ್ ನೋಡಿ ಹಿಗ್ಗಲೂ ಬೇಡಿ. ಅದು ಕಂಬದ ಹಿಂದಿನ ಸೀಟು ಇರಬಹುದು, ಒಂಟಿ ಸೀಟು ಇರಬಹುದು.

ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಮೆಣಸಿನಕಾಯಿಯ ದರವನ್ನು ಬೇರೆ ಬೇರೆ ಬರೆಯುತ್ತಾರೆ. ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಅಂಕಿ. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ಅದು ಯಾವ ಕಾಯಿಯ ದರವೂ ಅಲ್ಲ. ಟಿಕೆಟ್ಟಿಗೂ ಹಾಗೇ ಮಾಡಿ. ಮೈದಾನದ ನಕ್ಷೆ ತೆಗೆದು ನಿಮಗೆ ಬೇಕಾದ ಎರಡು ಭಾಗ ಆರಿಸಿ. ಕೆಳಗಿನ ಸೀಟುಸಾಲುಗಳ ಮೂಲೆ ಒಂದು, ಮೇಲಿನ ಸೀಟುಸಾಲುಗಳ ಮಧ್ಯ ಒಂದು, ಹೀಗೆ. ಆ ಎರಡರ ರೇಟನ್ನು ಮಾತ್ರ ಬರೆದುಕೊಳ್ಳಿ. ಹೆಚ್ಚು ಟಿಕೆಟ್ಟು ಯಾವ ರೇಟಿನ ಸುತ್ತಮುತ್ತ ಇದೆಯೋ ಅದು ನಿಮ್ಮ ಮಾದರಿ ದರ.

ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಮೂರು ನಾಲ್ಕು ದಿನ ನೋಡಿ. ಎರಡು ವಿಷಯ ಗಮನಿಸಬೇಕು. ಯಾವ ಸೀಟುಗಳು ಮಾಯವಾದವು? ಅವು ಹೆಚ್ಚುಕಡಿಮೆ ತೂಕವಾದ ಮಾಲು. ಅವುಗಳ ಕೊನೆಯ ರೇಟು ಬರೆದುಕೊಳ್ಳಿ. ಕೆಲವು ಮಾರದೆ ವಾಪಸ್ ತೆಗೆದಿದ್ದೂ ಇರುತ್ತವೆ, ಆದರೆ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ. ನಾಲ್ಕು ದಿನವಾದರೂ ಅಲ್ಲೇ ಕೂತಿರುವ ಸೀಟುಗಳು ಯಾವುವು? ಆ ರೇಟಿಗೆ ಗಿರಾಕಿ ಇಲ್ಲ ಅಂತ ಅರ್ಥ.

ಇನ್ನೊಂದು ಅಂಕಿ ಬಹಳ ಜನ ನೋಡುವುದೇ ಇಲ್ಲ. ಒಟ್ಟು ಎಷ್ಟು ಟಿಕೆಟ್ ಮಾರಾಟಕ್ಕಿವೆ? ನಮ್ಮ ಭಾಷೆಯಲ್ಲಿ ಆವಕ. ಸೋಮವಾರ, ಗುರುವಾರ ಬ್ಯಾಡಗಿಗೆ ಎಷ್ಟು ಚೀಲ ಬಂತು ಅಂತ ಮೊದಲು ಕೇಳಿ, ಆಮೇಲೇ ದರ ಮಾತಾಡುತ್ತಾರೆ. ಆವಕ ಜಾಸ್ತಿಯಾದರೆ ದರ ಹೇಗೆ ಬೀಳುತ್ತದೆ ಅಂತ ಹಾವೇರಿ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಮಾರ್ಚ್ 11ರಂದು ದರ ಬಿದ್ದ ಸಿಟ್ಟಿಗೆ ಮಾರ್ಕೆಟ್‌ನಲ್ಲಿ ವಾಹನಗಳೇ ಸುಟ್ಟವು. ಸೈಟಿನಲ್ಲೂ ನಿಮ್ಮ ಭಾಗದ ಟಿಕೆಟ್ ದಿನದಿನಕ್ಕೆ ಹೆಚ್ಚಾಗುತ್ತಿದ್ದರೆ ಕಾಯಬಹುದು. ಕರಗುತ್ತಾ ಬಂದರೆ ಕಾಯಬೇಡಿ.

ದಲಾಲಿ, ಹಮಾಲಿ

ಚೀಲದ ದರಕ್ಕೆ ದಲಾಲಿ, ಹಮಾಲಿ, ತೂಕದ ಖರ್ಚು ಸೇರಿದ ಹಾಗೆ ಟಿಕೆಟ್ಟಿಗೂ ಸೈಟಿನ ಶುಲ್ಕ ಸೇರುತ್ತದೆ. ಮೊದಲೆಲ್ಲ ಕೊನೆಯ ಪುಟಕ್ಕೆ ಹೋದ ಮೇಲೆ ಅದು ಕಾಣಿಸುತ್ತಿತ್ತು. 200 ಡಾಲರ್ ಅಂತ ನಂಬಿ ಹೋದವನಿಗೆ 250 ಆಗುತ್ತಿತ್ತು. 2025ರ ಮೇ 12ರಿಂದ ಅಲ್ಲಿಯ ವ್ಯಾಪಾರ ಆಯೋಗದ ನಿಯಮ ಬದಲಾಗಿದೆ. ಕಡ್ಡಾಯ ಶುಲ್ಕ ಎಲ್ಲ ಸೇರಿಸಿದ ಬೆಲೆಯನ್ನೇ ಮೊದಲಿಗೆ ತೋರಿಸಬೇಕು. ಸರ್ಕಾರದ ತೆರಿಗೆಯಂಥದ್ದನ್ನು ಆಮೇಲೆ ಸೇರಿಸಬಹುದು.

ಹೀಗಿದ್ದರೂ ಎರಡು ಸೈಟು ಹೋಲಿಸುವಾಗ ದುಡ್ಡು ಕಟ್ಟುವ ಪುಟದವರೆಗೆ ಹೋಗಿ ಕೊನೆಯ ಅಂಕಿ ನೋಡಿ. ಅದೇ ಸೀಟು ಎರಡು ಸೈಟಿನಲ್ಲಿ ಎರಡು ರೇಟಿಗೆ ಇರುವುದು ಮಾಮೂಲು. ದಲಾಲಿ ಎರಡೂ ಕಡೆಯಿಂದ ಹೋಗುತ್ತದೆ ಅನ್ನುವುದೂ ಗೊತ್ತಿರಲಿ. 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಫಿಫಾ ತನ್ನದೇ ಮರುಮಾರಾಟದ ವ್ಯವಸ್ಥೆಯಲ್ಲಿ ಕೊಳ್ಳುವವರಿಂದ ಶೇ. 15, ಮಾರುವವರಿಂದ ಶೇ. 15 ಅಂತ ಇಟ್ಟಿತು. ಮಾರುವವನು ಆ ಖೋತಾವನ್ನು ಸುಮ್ನೆ ಬಿಡುತ್ತಾನೆಯೇ? ರೇಟಿಗೇ ಸೇರಿಸುತ್ತಾನೆ.

ಇಲ್ಲಿಯ ಕಾರ್ಡಿನಿಂದ ಕಟ್ಟುವುದಾದರೆ ವಿದೇಶಿ ವ್ಯವಹಾರದ ಶುಲ್ಕ ಸಾಮಾನ್ಯವಾಗಿ ಶೇ. 2ರಿಂದ 3.5. ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಶೇ. 3.5 ಇದ್ದರೆ ಒಟ್ಟು ಶೇ. 4.13 ಆಗುತ್ತದೆ. ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ಹೊರಡುವ ಮೊದಲೇ ಚಾಲೂ ಮಾಡಿಕೊಳ್ಳಿ. ನಾನು ಅದನ್ನು ಮಾಡಿದ್ದೆ. ಆದರೆ ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ! ಕೊನೆಗೆ ತಮ್ಮನ ಕಾರ್ಡೇ ಗತಿಯಾಯಿತು. ದುಡ್ಡು ಕೊಡಲು ಹೋದರೆ, "ಎರಡು ಕಿಲೋ ಖಾರಪುಡಿ ತಂದೀಯಲ್ಲ, ಸಾಕು ಬಿಡಣ್ಣಾ" ಅಂದ. ನಿಮ್ಮ ತಮ್ಮಂದಿರು ಹಾಗೆ ಅನ್ನುತ್ತಾರೆ ಅಂತ ಲೆಕ್ಕ ಹಾಕಬೇಡಿ.

ಎಷ್ಟು ಜನ, ಜೊತೆಗೇ ಕೂರಬೇಕಾ?

ನಾಲ್ಕು ಸೀಟು ಒಟ್ಟಿಗೆ ಬೇಕೆಂದರೆ ಆಯ್ಕೆ ಕಡಿಮೆ, ರೇಟು ಜಾಸ್ತಿ. ಮಾರುವವರಲ್ಲಿ ಬಹಳ ಜನರ ಬಳಿ ಎರಡೇ ಇರುತ್ತವೆ. ನಾಲ್ಕು ಇದ್ದವನು ಮೂರನ್ನು ಕೊಡಲು ಒಪ್ಪುವುದಿಲ್ಲ, ಉಳಿದ ಒಂದನ್ನು ಯಾರು ಕೊಳ್ಳಬೇಕು ಅಂತ. ಮೂರು ಜನರ ಸಂಸಾರಕ್ಕೆ ಇದೇ ದೊಡ್ಡ ತಲೆನೋವು. ನಾಲ್ಕು ಜನರಾದರೆ ಎರಡು ಮತ್ತು ಎರಡು ಅಂತ ಒಡೆದು ನೋಡಿ, ವ್ಯತ್ಯಾಸ ತಾನೇ ಕಾಣುತ್ತದೆ. ನಾವು ಹಾಗೇ ಮಾಡಿದೆವು. ಹೆಂಗಸರಿಬ್ಬರು ಒಂದು ಕಡೆ, ನಾವಿಬ್ಬರು ಇನ್ನೊಂದು ಕಡೆ. ಅವರಿಗೆ ಸಿಕ್ಕ ಜಾಗವೇ ಚೆನ್ನಾಗಿತ್ತು.

ಯಾವಾಗ ಕೊಳ್ಳುವುದು

ನಮ್ಮ ತಪ್ಪು ಇಲ್ಲಿದೆ. 28ರ ರಾತ್ರಿ ಆರನೇ ಪಂದ್ಯದ ಟಿಕೆಟ್ಟು ನಮ್ಮ ಕೈಗೆಟಕುವ ರೇಟಿನಲ್ಲೇ ಇತ್ತು. ಪಂದ್ಯ ನಡೆಯುತ್ತದೋ ಇಲ್ಲವೋ ಅಂತ ಕೊಳ್ಳುವವರು ಹಿಂದೆಮುಂದೆ ನೋಡುತ್ತಿದ್ದರು. ನಡೆಯದಿದ್ದರೆ ದುಡ್ಡು ವಾಪಸ್ ಅಂತ ಗೊತ್ತಿದ್ದವನು ಅವತ್ತೇ ಕೊಳ್ಳಬೇಕಿತ್ತು. ನಾನು ದೊಡ್ಡಣ್ಣನ ಗತ್ತಿನಲ್ಲಿ "ತಡಿ, ಐದನೇದು ನೋಡೂಣು" ಅಂದೆ. ಏಪ್ರಿಲ್ 30, ಬುಧವಾರ. ಹ್ಯೂಸ್ಟನ್ 131-116ರಿಂದ ಗೆದ್ದಿತು. ಆರನೇ ಪಂದ್ಯ ಮೇ 2, ಶುಕ್ರವಾರ. ನಡುವೆ ಒಂದೇ ದಿನ. ಇಡೀ ಊರೇ ಒಟ್ಟಿಗೆ ಮೊಬೈಲ್ ತೆಗೆದಿರಬೇಕು. ನಮ್ಮ ಕಣ್ಣೆದುರೇ ರೇಟು ಏರಿತು. ಏರಿದ ರೇಟಿಗೇ ಕೊಂಡೆವು.

ಹಾಗಾದರೆ ನಿಯಮ ಏನು? ಮರಳಿ ಬರುವ ದುಡ್ಡು, ಹತ್ತಿರದ ಮೈದಾನ, ಎರಡೂ ಇದ್ದರೆ "ಅಗತ್ಯವಿದ್ದರೆ" ಪಂದ್ಯದ ಟಿಕೆಟ್ಟನ್ನು ಹಿಂದಿನ ಪಂದ್ಯ ಮುಗಿಯುವ ಮೊದಲೇ ಕೊಳ್ಳುವುದು ಲಾಭ. ಖಾತ್ರಿ ಇರುವ ಪಂದ್ಯಕ್ಕಾದರೆ ಕೊನೆಯ ದಿನದವರೆಗೆ ಕಾಯುವ ಆಟ ಆಡಬಹುದು. ಆಟ ಶುರುವಾದ ಮೇಲೆ ಟಿಕೆಟ್ಟಿಗೆ ಬೆಲೆ ಇಲ್ಲ, ಸಂಜೆಯ ಹೂವಿನಂತೆ. ಅದಕ್ಕೆ ಮಾರುವವರು ಕೊನೆಯ ಗಂಟೆಗಳಲ್ಲಿ ಇಳಿಸುತ್ತಾರೆ. ಏಳನೇ ಪಂದ್ಯಕ್ಕೆ, ಫೈನಲ್‌ಗೆ ಈ ಧೈರ್ಯ ಬೇಡ. ಅಲ್ಲಿ ಕೊನೆಗೆ ಏರಿದರೂ ಏರೀತು.

ಕೊಂಡ ಮೇಲೆ ಟಿಕೆಟ್ ನಿಮ್ಮ ಮೊಬೈಲಿಗೆ ವರ್ಗಾವಣೆ ಆಗಬೇಕು. ಅಲ್ಲಿ ಬಹಳ ಕಡೆ ಬಾರ್‌ಕೋಡ್ ಕ್ಷಣಕ್ಷಣಕ್ಕೆ ಬದಲಾಗುತ್ತಿರುತ್ತದೆ. ಸ್ಕ್ರೀನ್‌ಶಾಟ್ ಕಳಿಸುತ್ತೇನೆ ಅಂದವನಿಂದ ಕೊಳ್ಳಲೇಬೇಡಿ. ಸೀಟಿನ ಸಾಲು ಹೇಳದೆ ಬರೀ ಭಾಗ ಹೇಳಿ ಮಾರುವವರೂ ಇದ್ದಾರೆ. ಕೆಲವರ ಕೈಯಲ್ಲಿ ಆಗಿನ್ನೂ ಮಾಲೇ ಇರುವುದಿಲ್ಲ, ಆಮೇಲೆ ಅಗ್ಗಕ್ಕೆ ಸಿಕ್ಕರೆ ಕೊಟ್ಟಾರು.

ಈಗ ಒಂದು ಕಾಗದ ತಗೊಳ್ಳಿ

ನಾಲ್ಕು ಜನಕ್ಕೆ ಒಂದು ಉದಾಹರಣೆ ಹಾಕೋಣ. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು, ಅವತ್ತಿನ ರೇಟಲ್ಲ. ನಾಲ್ಕು ದಿನ ಬರೆದಿಟ್ಟ ಮೇಲೆ ನಿಮ್ಮ ಭಾಗದ ಟಿಕೆಟ್ಟು ಶುಲ್ಕ ಸೇರಿ ಕನಿಷ್ಠ 180, ಮಾದರಿ 250, ಗರಿಷ್ಠ 350 ಡಾಲರ್ ಅಂತ ಇಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿ ಹಿಡಿಯೋಣ.

ಮಾದರಿ ದರದಲ್ಲಿ ನಾಲ್ಕಕ್ಕೆ 1000 ಡಾಲರ್. ಕಾರ್ಡಿನ ಶುಲ್ಕ ಶೇ. 4.13, ಅಂದರೆ ಸುಮಾರು 41. ಹೋಗಿಬರುವುದು, ತಿಂಡಿ ಅಂತ 120. ಒಟ್ಟು 1161 ಡಾಲರ್. ರೂಪಾಯಿಯಲ್ಲಿ ಸುಮಾರು 98,700. ಕನಿಷ್ಠ ದರ ಸಿಕ್ಕರೆ ಇದೇ ಲೆಕ್ಕ ಸುಮಾರು 74,000ಕ್ಕೆ ಬರುತ್ತದೆ. ಗರಿಷ್ಠವಾದರೆ 1,34,000. ಮೂರೂ ಅಂಕಿ ಬರೆದು, ಕೆಳಗೆ ಗೆರೆ ಎಳೆದು, "ಇದಕ್ಕಿಂತ ಮೇಲೆ ಹೋಗುವುದಿಲ್ಲ" ಅಂತ ನಾಲ್ಕನೇ ಅಂಕಿ ಬರೆಯಿರಿ. ಅದನ್ನು ಪಂದ್ಯದ ಹಿಂದಿನ ದಿನ ಬರೆಯಬಾರದು. ತಲೆ ತಣ್ಣಗಿದ್ದಾಗ ಬರೆಯಬೇಕು. ನಾವು ಬರೆದಿರಲಿಲ್ಲ.

ಪ್ರಯಾಣದಲ್ಲಿ ಉಳಿಸಲು ದಾರಿ ಇದೆ. ವಾರಿಯರ್ಸ್ ಆಡುವ ಮೈದಾನ, ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್‌ಗೆ ಟಿಕೆಟ್ ಇದ್ದರೆ ಅವತ್ತು ಊರಿನ ಮ್ಯೂನಿ ಬಸ್ಸು, ಟ್ರಾಮಿಗೆ ಅದೇ ಪಾಸು. ಸ್ಯಾನ್ ಹೊಸೆಯಿಂದ ಕ್ಯಾಲ್‌ಟ್ರೇನ್ ಅನ್ನುವ ರೈಲು ಹತ್ತಿ ಹೋದೆವು, ಕಾರು ನಿಲ್ಲಿಸುವ ಖರ್ಚು ಉಳಿಯಿತು. ಪಂದ್ಯ? ವಾರಿಯರ್ಸ್ 115-107ರಿಂದ ಸೋತರು. ಏಳನೆಯದನ್ನು ಹ್ಯೂಸ್ಟನ್‌ಗೆ ಹೋಗಿ ಗೆದ್ದರು. ಅದನ್ನು ನಾವು ಮನೆಯಲ್ಲಿ ಮಂಡಕ್ಕಿ ತಿನ್ನುತ್ತಾ ಬಿಟ್ಟಿಯಾಗಿ ನೋಡಿದೆವು.

ಐಪಿಎಲ್‌ಗೆ ಈ ಲೆಕ್ಕ ನಡೆಯುವುದಿಲ್ಲ

ಇದನ್ನು ಓದಿ ಯಾರಾದರೂ ವಾಟ್ಸಾಪ್‌ನಲ್ಲಿ ಬಂದ ಐಪಿಎಲ್ ಪ್ಲೇಆಫ್ ಟಿಕೆಟ್ಟಿನ ರೇಟನ್ನು ಹೀಗೇ ಅಳೆಯಲು ಹೊರಟರೆ, ಬೇಡ. ಅಲ್ಲಿ ಆವಕ ಕಾಣುವುದಿಲ್ಲ, ತೂಕವಾದ ರೇಟು ಕಾಣುವುದಿಲ್ಲ, ವಾಪಸ್ ಕೊಡುವವರು ಯಾರೂ ಇಲ್ಲ. ಒಂದೇ ಟಿಕೆಟ್ಟಿನ ಫೋಟೋವನ್ನು ಹತ್ತು ಜನಕ್ಕೆ ಮಾರಿದರೆ ಗೇಟಿನಲ್ಲಿ ಮೊದಲು ಹೋದವನಿಗೆ ಮಾತ್ರ ಒಳಗೆ ಜಾಗ. ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮಿನಲ್ಲಿ ಅಪರಾಧ. ಒಂದರಿಂದ ಏಳು ವರ್ಷ ಜೈಲು. ಬ್ಲ್ಯಾಕಿನ ಅಂದಾಜು ಹೇಳಿಕೊಡಲು ನನಗೆ ಬರುವುದೂ ಇಲ್ಲ, ಮನಸ್ಸೂ ಇಲ್ಲ.

ಅಧಿಕೃತ ಟಿಕೆಟ್ಟಿಗೇ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ಟಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿದೆ. ಮೂಲ ಬೆಲೆ 2000 ಇದ್ದರೆ ಮೊದಲು 2560 ಆಗುತ್ತಿತ್ತು, ಈಗ 2800. ಬುಕಿಂಗ್ ಶುಲ್ಕ ಬೇರೆ.

ಇಲ್ಲಿ ನಿಜವಾಗಿ ಅಂದಾಜು ಮಾಡಬೇಕಾದ್ದು ಊರು ಮತ್ತು ತಾರೀಕು. ಪ್ಲೇಆಫ್‌ನಲ್ಲಿ ನಾಲ್ಕೇ ಪಂದ್ಯ: ಮೊದಲ ಕ್ವಾಲಿಫೈಯರ್, ಎಲಿಮಿನೇಟರ್, ಎರಡನೇ ಕ್ವಾಲಿಫೈಯರ್, ಫೈನಲ್. ನಮ್ಮ ತಂಡ ಎಲ್ಲಿ ಆಡುತ್ತದೆ ಅಂತ ಲೀಗಿನ ಕೊನೆಯ ಪಂದ್ಯದವರೆಗೂ ಗೊತ್ತಾಗದೆ ಇರಬಹುದು. 2025ರಲ್ಲಿ ಮೊದಲ ಎರಡು ಹೈದರಾಬಾದಿಗೆ, ಕೊನೆಯ ಎರಡು ಕೋಲ್ಕತ್ತಾಗೆ ಅಂತ ಇತ್ತು, ಫೈನಲ್ ಮೇ 25ಕ್ಕೆ. ಮೇ ತಿಂಗಳಲ್ಲಿ ಟೂರ್ನಿ ನಿಂತು ಮತ್ತೆ ಶುರುವಾದ ಮೇಲೆ ಪಂದ್ಯಗಳು ಚಂಡೀಗಢ ಹತ್ತಿರದ ಮುಲ್ಲನ್‌ಪುರ ಮತ್ತು ಅಹಮದಾಬಾದಿಗೆ ಹೋದವು, ಫೈನಲ್ ಜೂನ್ 3ಕ್ಕೆ ಬಂತು. ಆರ್‌ಸಿಬಿ ಕಪ್ ಎತ್ತಿದ ಆ ಪಂದ್ಯಕ್ಕೆ ಕೋಲ್ಕತ್ತಾದ ವಿಮಾನ ಬುಕ್ ಮಾಡಿ ಕೂತವನ ಗತಿ ಏನಾಗಿರಬೇಡ? 2023ರ ಫೈನಲ್ ಮಳೆಯಿಂದ ಮೇ 28ರ ಬದಲು ಮರುದಿನ ಶುರುವಾಗಿ, ಮುಗಿಯುವಾಗ ಮೇ 30ರ ನಸುಕಾಗಿತ್ತು.

ಹಾಗಾಗಿ ಹುಬ್ಬಳ್ಳಿಯಿಂದ ಹೋಗುವವರು ಟಿಕೆಟ್ ಕೈಗೆ ಬಂದ ಮೇಲೇ ವಿಮಾನ, ರೈಲು ನೋಡಿ. ವಾಪಸ್ ಮಾಡಿದರೆ ದುಡ್ಡು ಬರುವಂಥ ಹೋಟೆಲ್ ಹಿಡಿಯಿರಿ. ಫೈನಲ್‌ಗಾದರೆ ಒಂದು ರಾತ್ರಿಯ ಬದಲು ಎರಡು ರಾತ್ರಿಯ ಖರ್ಚು ಬರೆದುಕೊಳ್ಳಿ, ವಾಪಸ್ ರೈಲನ್ನು ಮಳೆ ಬಂದರೆ ಅಂತ ಇಟ್ಟ ಮೀಸಲು ದಿನದ ಮರುದಿನಕ್ಕೆ ಹಾಕಿ.